ಪಾಠಪರಿಷ್ಕರಣವೂ ಸಂಪಾದಕನ ಹೊಣೆಯೂ

ಪರರು ಬರೆದುದನ್ನು ತಿದ್ದುವ ಅಧಿಕಾರವು ಒಬ್ಬನ ಕೈಗೆ ಬಂದೊಡನೆ, ತಿದ್ದಿದುದೇಕೆಂದು ಹೇಳುವ ಹೊಣೆಯೂ ಅವನ ಹೆಗಲಿಗೇರುತ್ತದೆ. ಕವಿಯು ಗತಿಸಿ ಶತಮಾನಗಳು ಕಳೆದಿರುವಲ್ಲಿ ಈ ಹೊಣೆಯು ಇಮ್ಮಡಿಯಾಗುವುದು. ತನ್ನ ಮಾತು ಇದಲ್ಲವೆಂದು ಆಕ್ಷೇಪಿಸಲು ಆತನಿಲ್ಲ. ಆತನ ಪರವಾಗಿ ಸಾಕ್ಷ್ಯ ನುಡಿಯಬಲ್ಲವು ಓಲೆಗರಿಗಳು ಮಾತ್ರ. ಆ ಸಾಕ್ಷ್ಯವಾದರೂ ಸಾಮಾನ್ಯ ವಾಚಕನಿಗೆ ತಲುಪುವುದು ಸಂಪಾದಕನ ಮೂಲಕವೇ ಅಷ್ಟೆ. ಆದಕಾರಣ ಪ್ರಾಚೀನ ಕಾವ್ಯವೊಂದರ ಮುದ್ರಣದ ಯೋಗ್ಯತೆಯನ್ನು ಅಳೆಯುವಾಗ, ಪಾಠವು ಎಷ್ಟು ಸುಂದರವಾಗಿದೆಯೆಂಬುದಕ್ಕಿಂತ ಮೊದಲು, ಅದು ಹೇಗೆ ನಿರ್ಣಯವಾಯಿತೆಂಬುದನ್ನು ಸಂಪಾದಕನು ತೋರಿಸಿರುವನೇ ಎಂದು ನೋಡತಕ್ಕದ್ದು.

ತಿದ್ದದೆಯೇ ಅಚ್ಚು ಹಾಕಬಹುದೆಂಬ ಮಾತು ಕನ್ನಡದ ಮಟ್ಟಿಗೆ ನಿಲ್ಲುವಂತಹುದಲ್ಲ. ಹಳೆಯ ಓಲೆಗಳಲ್ಲಿ ಪದಗಳ ನಡುವೆ ತೆರಪಿಲ್ಲ. ಎಕಾರ ಒಕಾರಗಳ ಹ್ರಸ್ವದೀರ್ಘಭೇದವು ಬರೆವಣಿಗೆಯಲ್ಲಿ ಕಾಣುವುದಿಲ್ಲ. ಪಕಾರ ವಕಾರಗಳು ಒಂದನ್ನೊಂದು ಹೋಲುವುದರಿಂದ ಲಿಪಿಕಾರನ ಕಣ್ಣು ಸುಲಭವಾಗಿ ಮೋಸಹೋಗುತ್ತದೆ. ಇದಕ್ಕಿಂತ ಸೂಕ್ಷ್ಮವಾದ ತೊಡಕು ಱಕಾರ ೞಕಾರಗಳದು. ಈ ಅಕ್ಷರಗಳು ಆಡುನುಡಿಯಿಂದ ಮರೆಯಾದ ಬಳಿಕ ಪ್ರತಿಮಾಡಿದವರು ಅವುಗಳಿಗೆ ಬದಲಾಗಿ ರಕಾರ ಳಕಾರಗಳನ್ನು ಬರೆದರು. 'ಬಾೞ್' ಎಂದರೆ ಬದುಕು, 'ಬಾಳ್' ಎಂದರೆ ಖಡ್ಗ. ಓಲೆಯಲ್ಲಿ ಎರಡೂ ಒಂದೇ ರೂಪದಲ್ಲಿದ್ದಾಗ, ಕವಿಯು ವೀರನ ಬದುಕನ್ನು ಹೊಗಳಿದನೋ ಅವನ ಕತ್ತಿಯನ್ನು ಹೊಗಳಿದನೋ ಎಂಬುದನ್ನು ಸಂಪಾದಕನೇ ನಿಶ್ಚಯಿಸಬೇಕಾಗುತ್ತದೆ. ಪ್ರಾಸಸ್ಥಾನದಲ್ಲಿ ಆ ಪದವಿದ್ದರೆ ಉಳಿದ ಪಾದಗಳು ಸಹಾಯಕ್ಕೆ ಬರುತ್ತವೆ; ಪಾದಮಧ್ಯದಲ್ಲಿದ್ದರೆ ಅರ್ಥವೊಂದೇ ಗತಿ. ಮೊದಲನೆಯದು ಪ್ರಮಾಣಸಿದ್ಧವಾದ ತಿದ್ದುಪಾಟು, ಎರಡನೆಯದು ಊಹೆ. ಇವೆರಡನ್ನೂ ಒಂದೇ ಅಚ್ಚಿನಲ್ಲಿ, ಯಾವ ಗುರುತೂ ಇಲ್ಲದೆ ವಾಚಕನ ಮುಂದಿಟ್ಟರೆ ಊಹೆಯು ಪ್ರಮಾಣದ ವೇಷ ತೊಟ್ಟಂತಾಗುವುದಿಲ್ಲವೇ?

ಇದರ ಫಲವು ಒಂದು ಗ್ರಂಥದಲ್ಲಿಯೇ ಮುಗಿಯುವುದಿಲ್ಲ. ಅಚ್ಚಾದ ಪಾಠದಿಂದ ವ್ಯಾಕರಣಕಾರನು ಉದಾಹರಣೆಯನ್ನು ಎತ್ತಿಕೊಳ್ಳುತ್ತಾನೆ. ನಿಘಂಟುಕಾರನು ಪ್ರಯೋಗವನ್ನು ಆರಿಸಿಕೊಳ್ಳುತ್ತಾನೆ. ಕನ್ನಡ ಸಾಹಿತ್ಯ ಪರಿಷತ್ತಿನ ಬೃಹನ್ನಿಘಂಟು 1970 ರಲ್ಲಿ ಮೊದಲ ಸಂಪುಟವನ್ನು ಕಂಡು, 1995 ರಲ್ಲಿ ಎಂಟನೆಯ ಸಂಪುಟದೊಡನೆ ಪೂರ್ಣವಾಯಿತು. ಇಂತಹ ಮಹಾಕಾರ್ಯಕ್ಕೆ ಕಾವ್ಯಗಳ ಅಚ್ಚಿನ ಪ್ರತಿಗಳೇ ಒಂದು ಮುಖ್ಯ ಆಧಾರ. ಸಂಪಾದಕನು ಸದ್ದಿಲ್ಲದೆ ಹೊಸೆದ ಪದವೊಂದು ಹೀಗೆ ನಿಘಂಟನ್ನು ಹೊಕ್ಕರೆ, ಕವಿಯೂ ಆಡದ, ನಾಡೂ ಆಡದ ಶಬ್ದವೊಂದು ಭಾಷೆಯ ಮನೆಯಲ್ಲಿ ಕಾಯಂ ಆಗಿ ನೆಲೆಸುವುದು. ಅಡಿಟಿಪ್ಪಣಿಯ ಒಂದು ಸಾಲು ಈ ಅನರ್ಥವನ್ನು ತಡೆಯಬಲ್ಲದು.

ಕಾರಣ ಹೇಳುವುದರ ಪ್ರಯೋಜನವನ್ನು ಅರಿಯಲು ಆಂಗ್ಲ ಸಾಹಿತ್ಯದ ಪ್ರಸಿದ್ಧ ಪ್ರಸಂಗವೊಂದು ನೆರವಾಗುತ್ತದೆ. ಕವಿ ಅಲೆಕ್ಸಾಂಡರ್ ಪೋಪನು 1725 ರಲ್ಲಿ ಷೇಕ್ಸ್‌ಪಿಯರನ ನಾಟಕಗಳನ್ನು ಸಂಪಾದಿಸಿದನು. ತನ್ನ ಕಿವಿಗೆ ಒರಟೆನಿಸಿದ ಛಂದಸ್ಸನ್ನು ಎಷ್ಟೋ ಕಡೆ ಹೇಳದೆ ಕೇಳದೆ ನಯಗೊಳಿಸಿದನು. ಆದರೆ ಐದನೆಯ ಹೆನ್ರಿಯ ನಾಟಕದಲ್ಲಿ ಮಾತ್ರ ಒಂದು ಕಾರಣವನ್ನು ಬರೆದಿಟ್ಟನು. ಫಾಲ್‌ಸ್ಟಾಫನ ಮರಣವನ್ನು ವರ್ಣಿಸುವ ಮಾತಿನಲ್ಲಿ, 1623 ರ ಮುದ್ರಣದಂತೆ, ಹಸುರು ಹೊಲಗಳ 'ಟೇಬಲ್' ಎಂಬ ಅರ್ಥವಿಲ್ಲದ ಪದವೊಂದಿದೆ. ಗ್ರೀನ್‌ಫೀಲ್ಡ್ ಎಂಬುದು ರಂಗಸಾಮಗ್ರಿಯನ್ನು ಒದಗಿಸುವವನ ಹೆಸರೆಂದೂ, ಅವನ ಮೇಜನ್ನು ತರಬೇಕೆಂಬ ಸೂಚನೆಯು ಪ್ರಮಾದದಿಂದ ಸಂಭಾಷಣೆಯೊಳಗೆ ಸೇರಿತೆಂದೂ ಪೋಪನು ಹೇಳಿ, ಆ ಮಾತನ್ನೇ ತೆಗೆದುಹಾಕಿದನು. ಮರುವರ್ಷವೇ ಲೂಯಿಸ್ ಥಿಯೋಬಾಲ್ಡನು ಈ ವಾದವನ್ನು ಎತ್ತಿಕೊಂಡನು. ಒಬ್ಬರ ಪ್ರತಿಯ ಅಂಚಿನಲ್ಲಿ ಆ ಸ್ಥಳದಲ್ಲಿ 'ಟಾಕ್ಡ್' ಎಂಬ ಸೂಚನೆಯನ್ನು ಆತನು ಕಂಡಿದ್ದನು. ಅಕ್ಷರಗಳಿಗೆ ಇನ್ನೂ ಹತ್ತಿರವಾದ 'ಬ್ಯಾಬ್ಲ್ಡ್' ಎಂಬುದನ್ನು ತಾನು ಸೂಚಿಸಿದನು. ಸಾಯುವ ಮನುಷ್ಯನು ಜ್ವರದ ಕನವರಿಕೆಯಲ್ಲಿ ಹಸುರು ಹೊಲಗಳನ್ನು ಕುರಿತು ತೊದಲಿದನೆಂಬ ಅರ್ಥವು ಅದರಿಂದ ಹೊಮ್ಮಿತು. ಮುಂದಿನ ಮುದ್ರಣಗಳಲ್ಲಿ ಹೆಚ್ಚಿನವು ಅದನ್ನೇ ಅಂಗೀಕರಿಸಿದವು.

ಇಲ್ಲಿ ಪೋಪನ ಕಾರಣವು ಹಾಸ್ಯಾಸ್ಪದವಾಗಿತ್ತೆಂಬುದು ನಿಜ. ಆದರೂ ಅದನ್ನು ಬರೆದುದರಿಂದಲೇ ಅದು ಖಂಡನೆಗೆ ಒಳಗಾಯಿತು. ಖಂಡನೆಯಿಂದಲೇ ಒಳ್ಳೆಯ ಪಾಠವು ಹುಟ್ಟಿತು. ಆತನು ಮೌನವಾಗಿ ಮಾಡಿದ ನಯಗಾರಿಕೆಯಾದರೋ, ಹಳೆಯ ಪ್ರತಿಗಳನ್ನು ಸಾಲುಸಾಲಾಗಿ ಹೋಲಿಸಿದವರಿಗಲ್ಲದೆ ಮತ್ತಾರಿಗೂ ಗೋಚರವಾಗದೆ ಉಳಿಯಿತು. ಕಾರಣಸಹಿತವಾದ ತಪ್ಪು ತಿದ್ದುಪಾಟಿಗೆ ದಾರಿ ತೆರೆದಿಡುತ್ತದೆ. ಕಾರಣರಹಿತವಾದ ಒಪ್ಪು ಸಹ ಆ ದಾರಿಯನ್ನು ಮುಚ್ಚುತ್ತದೆ.

ಈ ವಿಷಯದಲ್ಲಿ ಭಾರತೀಯ ವಿದ್ವತ್ತು ಸಾಧಿಸಿದ ಉನ್ನತ ಮಾದರಿಯೆಂದರೆ ಪುಣೆಯ ಭಂಡಾರಕರ್ ಸಂಸ್ಥೆಯ ಮಹಾಭಾರತ. 1919 ರಲ್ಲಿ ಆರಂಭವಾಗಿ 1966 ರಲ್ಲಿ ಮುಗಿದ ಈ ಕಾರ್ಯವನ್ನು 1925 ರಿಂದ 1943 ರಲ್ಲಿ ತೀರಿಕೊಳ್ಳುವವರೆಗೆ ನಡೆಯಿಸಿದವರು ವಿಷ್ಣು ಸೀತಾರಾಮ ಸುಕಥನಕರರು. ಇವರು 1933 ರಲ್ಲಿ ಆದಿಪರ್ವದೊಡನೆ ಪ್ರಕಟಿಸಿದ ಪ್ರಸ್ತಾವನೆಯಲ್ಲಿ ತಾವು ಯಾವ ಪ್ರತಿಗೆ ಎಷ್ಟು ಬೆಲೆ ಕೊಟ್ಟೆವೆಂಬುದನ್ನೂ ಏಕೆ ಕೊಟ್ಟೆವೆಂಬುದನ್ನೂ ವಿವರಿಸಿದರು. ಸಂಶಯವಿರುವ ಪಾಠದ ಕೆಳಗೆ ಅಲೆಯಂತಹ ಗೆರೆಯನ್ನು ಎಳೆದರು. ಗಣಪತಿಯು ವ್ಯಾಸರಿಗೆ ಲಿಪಿಕಾರನಾದ ಕಥೆಯು ಮನೆಮಕ್ಕಳಿಗೂ ತಿಳಿದುದಷ್ಟೆ. ಪ್ರತಿಗಳ ಸಾಕ್ಷ್ಯವು ಸಾಲದೆಂದು ಅದನ್ನು ಮೂಲದಿಂದ ತೆಗೆದು ಅನುಬಂಧದಲ್ಲಿ ಇರಿಸಿದರು. 1944 ರಲ್ಲಿ ಫ್ರಾಂಕ್ಲಿನ್ ಎಡ್ಜರ್ಟನರ ಸಂಪಾದಕತ್ವದಲ್ಲಿ ಹೊರಟ ಸಭಾಪರ್ವವು ಇನ್ನೂ ಕೋಮಲವಾದ ಸ್ಥಳವನ್ನು ಮುಟ್ಟಿತು. ದ್ರೌಪದಿಯು ಶ್ರೀಕೃಷ್ಣನನ್ನು ಮೊರೆಯಿಡುವ ಶ್ಲೋಕಗಳು ಅದರ ಮೂಲಪಾಠದಲ್ಲಿ ಇಲ್ಲ. ವಸ್ತ್ರವು ಅಕ್ಷಯವಾಗುತ್ತದೆ, ಅದನ್ನು ಕರುಣಿಸಿದವರಾರೆಂಬ ಮಾತಿಲ್ಲ.

ಕುಮಾರವ್ಯಾಸನ ದ್ರೌಪದಿಯ ಮೊರೆಯನ್ನು ಗಮಕಿಗಳ ಬಾಯಲ್ಲಿ ಕೇಳಿ ಕಣ್ಣೀರು ಮಿಡಿದ ಕನ್ನಡಿಗನಿಗೆ ಇದು ನೋವಿನ ಸಂಗತಿಯೇ ಸರಿ. ಆದರೆ ಆ ನೋವಿಗೆ ವಂಚನೆಯ ಕಹಿ ಬೆರೆತಿಲ್ಲ. ಕೈಬಿಟ್ಟ ಶ್ಲೋಕಗಳನ್ನು ಸಂಪಾದಕರು ಮರೆಮಾಚದೆ, ಯಾವ ಯಾವ ಪ್ರತಿಗಳಲ್ಲಿ ಅವು ದೊರೆಯುತ್ತವೆಂಬ ವಿವರದೊಡನೆ ಅದೇ ಸಂಪುಟದಲ್ಲಿ ಅಚ್ಚು ಹಾಕಿದ್ದಾರೆ. ನಿರ್ಣಯವನ್ನು ಒಪ್ಪದವನು ಆ ಶ್ಲೋಕಗಳನ್ನು ಸ್ವಸ್ಥಾನದಲ್ಲಿಟ್ಟು ಓದಬಹುದು. ಕುಮಾರವ್ಯಾಸನ ಕಾವ್ಯವೂ ಇದರಿಂದ ಕುಂದುವುದಿಲ್ಲ; ಪರಂಪರೆಯಲ್ಲಿ ಬೆಳೆದು ಬಂದ ಭಕ್ತಿಯೊಂದು ಕನ್ನಡದಲ್ಲಿ ಯಾವ ಎತ್ತರಕ್ಕೇರಿತೆಂಬುದನ್ನು ಅಳೆಯಲು ಈ ಪರಿಷ್ಕರಣವೇ ಒಂದು ಅಳತೆಗೋಲಾಗುತ್ತದೆ.

ಇಷ್ಟೊಂದು ಗುರುತು, ಟಿಪ್ಪಣಿಗಳಿಂದ ಪುಟವು ಮುಳ್ಳಿನ ಪೊದೆಯಾಗಿ ರಸಾಸ್ವಾದಕ್ಕೆ ಭಂಗ ಬರುವುದೆಂದು ಸಹೃದಯರು ಆಕ್ಷೇಪಿಸಬಹುದು. ಆಕ್ಷೇಪದಲ್ಲಿ ಹುರುಳಿದೆ. ಸರಳರೇಫವನ್ನು ಶಕಟರೇಫವಾಗಿ ಮಾಡಿದ ಪ್ರತಿಯೊಂದು ಸ್ಥಳವನ್ನೂ ಎತ್ತಿ ತೋರಿಸಬೇಕಾಗಿಲ್ಲ. ಅರ್ಥಭೇದವಿಲ್ಲದ ಸಣ್ಣ ತಿದ್ದುಪಾಟುಗಳ ನಿಯಮವನ್ನು ಪೀಠಿಕೆಯಲ್ಲಿ ಒಮ್ಮೆ ಹೇಳಿದರೆ ಸಾಕು. ಅರ್ಥವು ಬೇರೆಯಾಗುವಲ್ಲಿ, ಪದ್ಯವನ್ನು ಬಿಟ್ಟಲ್ಲಿ ಅಥವಾ ಸೇರಿಸಿದಲ್ಲಿ, ಕೇವಲ ಊಹೆಯಿಂದ ಅಕ್ಷರವನ್ನು ಬದಲಿಸಿದಲ್ಲಿ ಮಾತ್ರ ಪ್ರತಿಯೊಂದಕ್ಕೂ ಪ್ರತ್ಯೇಕವಾದ ಲೆಕ್ಕವನ್ನು ಒಪ್ಪಿಸತಕ್ಕದ್ದು. ಆ ಲೆಕ್ಕವು ಪುಟದ ಬುಡದಲ್ಲಿದ್ದರೂ ಸರಿ, ಗ್ರಂಥದ ಕೊನೆಯಲ್ಲಿದ್ದರೂ ಸರಿ. ಎಲ್ಲಿಯೂ ಇಲ್ಲದಿರುವುದು ಮಾತ್ರ ಸಲ್ಲದು.

ಕಾರಣವನ್ನು ಹೇಳುವ ರೀತಿಯಲ್ಲಿಯೂ ವಿವೇಕ ಬೇಕು. 'ಅಶುದ್ಧ', 'ಅಸಂಗತ' ಎಂಬ ಒಂದೊಂದು ಪದವು ತೀರ್ಪಾಗಬಹುದೇ ಹೊರತು ಕಾರಣವಾಗಲಾರದು. ಛಂದಸ್ಸು ಕೆಟ್ಟಿದ್ದರೆ ಎಷ್ಟನೆಯ ಗಣದಲ್ಲಿ ಕೆಟ್ಟಿದೆ, ವ್ಯಾಕರಣಕ್ಕೆ ವಿರೋಧವಾಗಿದ್ದರೆ ಯಾವ ನಿಯಮಕ್ಕೆ ವಿರೋಧ, ಇತರ ಪ್ರತಿಗಳು ಏನೆನ್ನುತ್ತವೆ ಎಂಬುದನ್ನು ಹೇಳಿದರೆ ವಾಚಕನು ತಾನೇ ತೂಗಿನೋಡಬಲ್ಲನು. ಹಿಂದಿನ ಲಿಪಿಕಾರನನ್ನು ಮೂಢನೆಂದು ಹಳಿಯುವುದರಿಂದ ಪಾಠವು ಶುದ್ಧವಾಗದು. ದೀಪದ ಮಂದಪ್ರಕಾಶದಲ್ಲಿ ಕಂಠದಿಂದ ಗರಿಯ ಮೇಲೆ ಕೊರೆಯುತ್ತ ಕುಳಿತ ಆತನು ಇಲ್ಲದಿದ್ದರೆ, ತಿದ್ದುವುದಕ್ಕಾದರೂ ಏನು ಉಳಿದಿರುತ್ತಿತ್ತು?

1898 ರಲ್ಲಿ ಬಿ. ಎಲ್. ರೈಸರು ಪಂಪನ ವಿಕ್ರಮಾರ್ಜುನ ವಿಜಯವನ್ನು ಅಚ್ಚಿಗೆ ತಂದರು. 1931 ರಲ್ಲಿ ಪರಿಷತ್ತು ಅದನ್ನು ಮರಳಿ ಪರಿಷ್ಕರಿಸಿ ಪ್ರಕಟಿಸಿತು. ಯಾವ ಮುದ್ರಣವೂ ಕೊನೆಯದಲ್ಲವೆಂಬುದಕ್ಕೆ ಇದೇ ನಿದರ್ಶನ. ಮುಂದೆ ಬರುವ ಸಂಪಾದಕನು ಎಲ್ಲವನ್ನೂ ಮೊದಲಿನಿಂದ ಅಗೆಯುತ್ತ ಕೂಡದೆ, ಹಿಂದಿನವನು ನಿಂತ ಸ್ಥಳದಿಂದ ಮುನ್ನಡೆಯಬೇಕಾದರೆ, ಹಿಂದಿನವನು ತನ್ನ ಹೆಜ್ಜೆಗುರುತುಗಳನ್ನು ಅಳಿಸದೆ ಬಿಟ್ಟಿರಬೇಕು.