ಜಾಹೀರಾತಿನ ಪ್ರಾಮಾಣ್ಯವಿಚಾರ: ಅಮೆರಿಕದ ಹಳೆಯ ಬೇಸ್‌ಬಾಲ್ ಕಾರ್ಡುಗಳು

ಕಾಲವೂ ಕರ್ತೃವೂ ತಿಳಿಯದ ಗ್ರಂಥವೊಂದು ದೊರೆತಾಗ ವಿದ್ವಾಂಸರು ಮೊದಲು ನೋಡುವುದು ಅದರ ಪುಷ್ಪಿಕೆಯನ್ನು. ಅದಿಲ್ಲದಿದ್ದರೆ ಆ ಗ್ರಂಥವನ್ನು ಹೆಸರಿಸುವ ಇತರ ಗ್ರಂಥಗಳನ್ನು. ಅಮೆರಿಕದ ಹಳೆಯ ಬೇಸ್‌ಬಾಲ್ ಕಾರ್ಡುಗಳ ಮೂಲವನ್ನು ಶೋಧಿಸುವವರಿಗೂ ಇದೇ ದಾರಿ. ಪ್ರಸಿದ್ಧ ಆಟಗಾರರ ಚಿತ್ರಗಳನ್ನು ಚಿಕ್ಕ ರಟ್ಟಿನ ಚೀಟಿಗಳ ಮೇಲೆ ಅಚ್ಚುಹಾಕಿಸಿ ಸಿಗರೇಟು, ಮಿಠಾಯಿ, ಚೂಯಿಂಗ್ ಗಮ್ಮು ಮೊದಲಾದ ಸರಕುಗಳೊಡನೆ ಕೊಡುವ ರೂಢಿ ಆ ದೇಶದಲ್ಲಿ ಹತ್ತೊಂಬತ್ತನೆಯ ಶತಮಾನದಿಂದಲೂ ಇದ್ದಿತು. ಇವುಗಳಲ್ಲಿ ಅನೇಕಕ್ಕೆ ಮುದ್ರಕನ ಹೆಸರಿಲ್ಲ, ವರ್ಷವೂ ಇಲ್ಲ. ಇರುವುದು ಬೆನ್ನಿನ ಮೇಲಿನ ಜಾಹೀರಾತು, ಇಲ್ಲವೆ ಆ ಕಾಲದ ಪತ್ರಿಕೆಗಳಲ್ಲಿ ಬಂದ ಜಾಹೀರಾತು. ಮಾರುವವನ ಮಾತು ಎಷ್ಟರಮಟ್ಟಿಗೆ ಪ್ರಮಾಣವೆಂಬುದೇ ಇಲ್ಲಿ ವಿಚಾರ್ಯವಾದ ವಿಷಯ.

ಈ ಕಾರ್ಡುಗಳನ್ನು ಶಾಸ್ತ್ರೀಯವಾಗಿ ವಿಂಗಡಿಸಿದ ಕೀರ್ತಿ ಜೆಫರ್ಸನ್ ಬರ್ಡಿಕ್ ಎಂಬವರಿಗೆ ಸಲ್ಲುತ್ತದೆ. ಸಂಧಿವಾತದಿಂದ ಕೈಗಳು ಸೆಟೆದುಹೋಗಿದ್ದರೂ ಅವರು ಮೂರು ಲಕ್ಷಕ್ಕೂ ಮೀರಿದ ಮುದ್ರಿತ ಚೀಟಿಗಳನ್ನು ಕೂಡಿಸಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಕಲಾಸಂಗ್ರಹಾಲಯಕ್ಕೆ ಒಪ್ಪಿಸಿದರು. ಅವುಗಳನ್ನು ಅಂಟಿಸಿ ಜೋಡಿಸುವ ಕೆಲಸವನ್ನು ಮುಗಿಸಿದ 1963ರಲ್ಲಿಯೇ ತೀರಿಕೊಂಡರು. 1939ರಲ್ಲಿ ಮೊದಲು ಹೊರಬಂದು, ಮುಂದೆ ‘ಅಮೆರಿಕನ್ ಕಾರ್ಡ್ ಕೆಟಲಾಗ್’ ಎಂದು ಹೆಸರಾದ ಅವರ ಸೂಚಿಯಲ್ಲಿ ಇಪ್ಪತ್ತನೆಯ ಶತಮಾನದ ಹೊಗೆಸೊಪ್ಪಿನ ಕಾರ್ಡುಗಳಿಗೆ ‘ಟಿ’ ಎಂದೂ ಪತ್ರಿಕೆಗಳ ಕಾರ್ಡುಗಳಿಗೆ ‘ಎಮ್’ ಎಂದೂ ಸಂಕೇತಗಳಿವೆ. ಈ ವಿಂಗಡಣೆಯಲ್ಲಿ ಒಂದು ನ್ಯೂನತೆಯಿದೆ: ಇದು ಹಂಚಿದವನನ್ನು ಹಿಡಿದು ಮಾಡಿದುದೇ ಹೊರತು ನಿರ್ಮಿಸಿದವನನ್ನು ಹಿಡಿದು ಮಾಡಿದುದಲ್ಲ. ಲಿಪಿಕಾರನ ಹೆಸರನ್ನೇ ಕವಿಯ ಹೆಸರೆಂದು ಭ್ರಮಿಸುವ ಅಪಾಯ ಇಂತಹ ಕಡೆಯಲ್ಲಿಯೇ ಹುಟ್ಟುವುದು.

ಜಾಹೀರಾತು ಸ್ವಭಾವತಃ ಸ್ತುತಿವಾಕ್ಯ, ಮೀಮಾಂಸಕರ ಪರಿಭಾಷೆಯಲ್ಲಿ ಅರ್ಥವಾದ. ‘ಕೊಳ್ಳಿರಿ’ ಎಂಬ ವಿಧಿಯೇ ಅದರ ತಾತ್ಪರ್ಯ; ಉಳಿದುದೆಲ್ಲ ಪ್ರರೋಚನೆ. ಆದರೂ ಮೀಮಾಂಸಕರು ಅರ್ಥವಾದವನ್ನು ವ್ಯರ್ಥವೆಂದು ತಳ್ಳಲಿಲ್ಲ. ಪ್ರಮಾಣಾಂತರಕ್ಕೆ ವಿರುದ್ಧವಾದುದು ಗುಣವಾದ, ಪ್ರಮಾಣಾಂತರದಿಂದ ತಿಳಿದುದನ್ನೇ ಹೇಳುವುದು ಅನುವಾದ, ಈ ಎರಡೂ ಅಲ್ಲದುದು ಭೂತಾರ್ಥವಾದ ಎಂದು ಮೂರಾಗಿ ವಿಭಜಿಸಿದರು. ಈ ವಿಭಾಗ ಪ್ರಕೃತ ವಿಷಯಕ್ಕೆ ಚೆನ್ನಾಗಿ ಹೊಂದುತ್ತದೆ.

ಗುಣವಾದಕ್ಕೆ ನಿದರ್ಶನ ಬೋಸ್ಟನ್ ನಗರದ ಗೌಡಿ ಗಮ್ ಕಂಪನಿಯ 1933ರ ಮಾಲೆ. ಇದು 240 ಆಟಗಾರರ ಮಾಲೆಯೆಂದು ಕಾರ್ಡುಗಳ ಬೆನ್ನಿನ ಮೇಲೆ ಸಾರಿದ್ದಿತು. ಆದರೆ 106ನೆಯ ಸಂಖ್ಯೆಯ ಕಾರ್ಡು ಆ ವರ್ಷ ಹೊರಬರಲೇ ಇಲ್ಲ. ಮಾಲೆಯನ್ನು ಪೂರ್ತಿಮಾಡುವ ಆಸೆಯಿಂದ ಹುಡುಗರು ಮತ್ತೆ ಮತ್ತೆ ಕೊಂಡರು. ದೂರಿ ಕಾಗದ ಬರೆದವರಿಗೆ 1934ರಲ್ಲಿ ಲಾಜೋಯ್ ಎಂಬ ಆಟಗಾರನ ಕಾರ್ಡನ್ನು ಆ ಸಂಖ್ಯೆಯೊಡನೆ ಅಂಚೆಯಲ್ಲಿ ಕಳುಹಿಸಲಾಯಿತು. ಜಾಹೀರಾತಿನ ಸಂಖ್ಯೆಯನ್ನೇ ನಂಬಿದವನು ಈ ಕಾರ್ಡಿನ ವರ್ಷದಲ್ಲಿ ತಪ್ಪುವನು.

ಅನುವಾದಕ್ಕೆ ನಿದರ್ಶನ ಕ್ರ್ಯಾಕರ್ ಜ್ಯಾಕ್ ಎಂಬ, ಪಾಕ ಹಿಡಿಸಿದ ಜೋಳದರಳು ಮತ್ತು ಕಡಲೆಕಾಯಿಬೀಜದ ತಿಂಡಿಯ ಕಾರ್ಡುಗಳು. 1914ರ 144 ಕಾರ್ಡುಗಳಲ್ಲಿ ಬಹುಪಾಲಿಗೆ ಪಾಕದ ಕಲೆಗಳಿವೆ. 1915ರ 176 ಕಾರ್ಡುಗಳಾದರೋ ಶುಭ್ರವಾಗಿ ಉಳಿದಿರುವುದು ಹೆಚ್ಚು. 1915ರ ಕಾರ್ಡುಗಳ ಬೆನ್ನಿನ ಪ್ರಕಟಣೆಯನ್ನು ಓದಿದರೆ ಕಾರಣ ಸ್ಪಷ್ಟವಾಗುತ್ತದೆ: ನೂರು ಕೂಪನ್ನುಗಳನ್ನಾಗಲಿ, ಒಂದು ಕೂಪನ್ನಿನೊಡನೆ 25 ಸೆಂಟುಗಳನ್ನಾಗಲಿ ಕಳುಹಿಸಿದವರಿಗೆ ಇಡೀ ಮಾಲೆ ಅಂಚೆಯಲ್ಲಿ ಬರುತ್ತಿದ್ದಿತು. ರಟ್ಟು ಹೇಳುವುದನ್ನೇ ಜಾಹೀರಾತೂ ಹೇಳುತ್ತದೆ.

ಭೂತಾರ್ಥವಾದದ ನಿದರ್ಶನವೇ ಎಲ್ಲಕ್ಕಿಂತ ಮುಖ್ಯವಾದುದು. ಬರ್ಡಿಕ್ಕರ ಸೂಚಿಯಲ್ಲಿ ‘ಎಮ್ 101-4’, ‘ಎಮ್ 101-5’ ಎಂಬ ಎರಡು ಮಾಲೆಗಳಿವೆ. ಒಂದೊಂದರಲ್ಲಿಯೂ 200 ಕಾರ್ಡುಗಳು. ಕೆಲವು ಕಾರ್ಡುಗಳ ಬೆನ್ನಿನ ಮೇಲೆ ‘ದಿ ಸ್ಪೋರ್ಟಿಂಗ್ ನ್ಯೂಸ್’ ಪತ್ರಿಕೆಯ ಜಾಹೀರಾತು ಇದ್ದುದರಿಂದ ಇವು ಆ ಪತ್ರಿಕೆಯವು ಎಂದೂ, ಎರಡನೆಯದು 1915ರದು ಎಂದೂ ಬಹುಕಾಲ ಪ್ರಸಿದ್ಧಿಯಿದ್ದಿತು. ಆದರೆ ಇದೇ ಚಿತ್ರಗಳ ಬೆನ್ನಿನ ಮೇಲೆ ಗಿಂಬಲ್ಸ್ ಮೊದಲಾದ ದೊಡ್ಡ ಅಂಗಡಿಗಳ, ಮೋರ್‌ಹೌಸ್ ಎಂಬ ರೊಟ್ಟಿ ಕಾರ್ಖಾನೆಯ ಹೆಸರುಗಳೂ ಕಾಣುತ್ತವೆ. ಕೆಲವು ಬೆನ್ನುಗಳು ಬರಿದಾಗಿವೆ. ಒಂದೇ ಮಾಲೆಗೆ ಇಷ್ಟು ಮಂದಿ ಒಡೆಯರಿರುವುದು ಅಸಂಭವ. 1916ರ ಪತ್ರಿಕಾ ಜಾಹೀರಾತುಗಳನ್ನು ಶೋಧಿಸಿದವರಿಗೆ ನಿಜವಾದ ಕರ್ತೃ ದೊರೆತನು: ಷಿಕಾಗೋ ನಗರದ ಫೆಲಿಕ್ಸ್ ಮೆಂಡಲ್‌ಸನ್. ಆತನು ಚಿತ್ರಗಳನ್ನು ಅಚ್ಚುಹಾಕಿಸಿ, ಬೆನ್ನಿನ ಮೇಲೆ ತಮ್ಮ ಹೆಸರು ಬೇಕೆಂದ ವ್ಯಾಪಾರಿಗಳಿಗೆ ಮಾರಿದವನು. ಪತ್ರಿಕೆಯೂ ಅಂತಹ ಗಿರಾಕಿಗಳಲ್ಲಿ ಒಂದು.

ಆತನೇ ತನ್ನ ಸರಕಿನ ವಿಷಯವಾಗಿ ಹೇಳಿದ ಮಾತು ಹೇಗೆ ಪ್ರಮಾಣವೆಂದು ಪೂರ್ವಪಕ್ಷಿಯು ಕೇಳಬಹುದು. ‘ಚಿತ್ರಗಳು ಉತ್ತಮ’ ಎಂಬಲ್ಲಿ ಮಾರುವವನಿಗೆ ಸುಳ್ಳಿನಿಂದ ಲಾಭವುಂಟು. ತನ್ನ ಹೆಸರು, ವಿಳಾಸಗಳನ್ನು ಸುಳ್ಳು ಹೇಳಿದರೆ ನಷ್ಟವೇ. ಅಲ್ಲದೆ ಅಂತರಂಗಸಾಕ್ಷ್ಯವೂ ಇದಕ್ಕೆ ಅನುಕೂಲವಾಗಿದೆ. ಫೆಡರಲ್ ಲೀಗ್ ಎಂಬ ಒಕ್ಕೂಟವು 1915ರ ಡಿಸೆಂಬರಿನಲ್ಲಿ ಮುರಿದುಬಿದ್ದ ಮೇಲೆ ಅದರ ಆಟಗಾರರು ಬೇರೆ ತಂಡಗಳಿಗೆ ಸೇರಿದರು. ಎರಡನೆಯ ಮಾಲೆಯ ಶೀರ್ಷಿಕೆಗಳಲ್ಲಿಯೂ ಈ ಹೊಸ ಸ್ಥಿತಿಯೇ ಕಾಣುತ್ತದೆ. ಆದುದರಿಂದ ಎರಡು ಮಾಲೆಗಳೂ 1916ರವೇ ಎಂಬುದು ಸಿದ್ಧಾಂತ.

ಒಂದು ವರ್ಷದ ಅಂತರ ಅಲ್ಪವೆಂದು ತೋರಬಹುದು. ಆದರೆ ಎರಡರಲ್ಲಿಯೂ 151ನೆಯ ಕಾರ್ಡು ಬೇಬ್ ರೂತನದು, ಆತನು ಬೋಸ್ಟನ್ ತಂಡದಲ್ಲಿ ಇನ್ನೂ ಎಳೆಯ ಚೆಂಡೆಸೆತಗಾರನಾಗಿದ್ದಾಗಿನದು. ಮಹಾಪುರುಷನ ಮೊದಲ ಚಿತ್ರ ಎಷ್ಟು ಹಳೆಯದಾದರೆ ಅಷ್ಟು ಬೆಲೆ. ಹೊಗೆಸೊಪ್ಪಿನ ‘ಟಿ 206’ ಮಾಲೆಯ ಹೋನಸ್ ವಾಗ್ನರನ ಕಾರ್ಡೊಂದು 2022ರಲ್ಲಿ 72.5 ಲಕ್ಷ ಡಾಲರುಗಳಿಗೆ ಮಾರಾಟವಾಯಿತೆಂದ ಮೇಲೆ, ಬೆಲೆಯ ಆಸೆ ಕಾಲನಿರ್ಣಯವನ್ನು ಹಿಂದಕ್ಕೆ ಎಳೆಯುವುದರಲ್ಲಿ ಆಶ್ಚರ್ಯವೇನು? ವಾಗ್ನರನ ಕಾರ್ಡಿನಲ್ಲಿ ಜಾಹೀರಾತಿನ ಮೌನವೂ ಸಾಕ್ಷಿಯಾಗಿದೆ. ಆ ಮಾಲೆಯ ಬೆನ್ನುಗಳಲ್ಲಿ ಮೊದಲು 150, ಬಳಿಕ 350, ಕೊನೆಗೆ 460 ಚಿತ್ರಗಳೆಂಬ ಉಲ್ಲೇಖಗಳಿವೆ. ವಾಗ್ನರನ ಚಿತ್ರ 150ರ ಬೆನ್ನಿನೊಡನೆ ಮಾತ್ರ ದೊರೆಯುತ್ತದೆ. ಅಚ್ಚು ಆರಂಭದಲ್ಲಿಯೇ ನಿಂತಿತೆಂಬುದಕ್ಕೆ ಇದಕ್ಕಿಂತ ಬಲವಾದ ಲಿಂಗ ಬೇಕಿಲ್ಲ.

ಬರ್ಡಿಕ್ಕರ ಸೂಚಿ ಇಲ್ಲದಿದ್ದರೆ ಈ ಶೋಧನೆಗೆ ನೆಲೆಯೇ ಇರುತ್ತಿರಲಿಲ್ಲ. ಅದರ ಸಂಕೇತಗಳು ಉಳಿಯಲಿ. ಆದರೆ ಸಂಕೇತವು ಕರ್ತೃತ್ವಕ್ಕೆ ಪ್ರಮಾಣವಲ್ಲ. ಬೆನ್ನಿನ ಮೇಲೆ ಹೆಸರು ಹಾಕಿಸಿದವನನ್ನು ಹಂಚಿದವನೆಂದೂ, ಅಚ್ಚುಹಾಕಿಸಿದವನನ್ನು ಕರ್ತೃವೆಂದೂ ಬೇರೆ ಬೇರೆಯಾಗಿ ದಾಖಲೆಮಾಡುವುದೇ ನ್ಯಾಯ.