ಅಂತರರಾಷ್ಟ್ರೀಯ ಸಂಬಂಧಗಳ ಮೊದಲ ಪಾಠ: ಒಂದು ವಿಮರ್ಶೆ

ನಮ್ಮ ವಿಶ್ವವಿದ್ಯಾಲಯಗಳಲ್ಲಿ ಅಂತರರಾಷ್ಟ್ರೀಯ ಸಂಬಂಧಗಳ ಪಾಠವು ಸಾಮಾನ್ಯವಾಗಿ 1648ರ ವೆಸ್ಟ್‌ಫೇಲಿಯಾ ಒಪ್ಪಂದದಿಂದ ಆರಂಭವಾಗುತ್ತದೆ. ಅಲ್ಲಿಂದ 1919ಕ್ಕೆ ಬಂದು, ಮೊದಲ ಮಹಾಯುದ್ಧದ ಬೆನ್ನಲ್ಲೇ ವೇಲ್ಸ್‌ನ ಅಬರಿಸ್ಟ್‌ವಿತ್‌ನಲ್ಲಿ ಈ ವಿಷಯಕ್ಕೆ ಪ್ರತ್ಯೇಕ ಪೀಠ ಸ್ಥಾಪನೆಯಾದುದನ್ನು ಹೇಳುತ್ತದೆ, 1939ರ ಇ.ಎಚ್. ಕಾರ್, 1948ರ ಮಾರ್ಗೆಂಥೌ ಅವರ ಕೃತಿಗಳ ಮೂಲಕ ವಾಸ್ತವವಾದವನ್ನು ತಲುಪುತ್ತದೆ. ಇದರಲ್ಲಿ ತಪ್ಪು ಮಾಹಿತಿ ಏನೂ ಇಲ್ಲ. ಜ್ಞಾನಶಿಸ್ತೊಂದರ ಹುಟ್ಟನ್ನು ಅದು ಹುಟ್ಟಿದಲ್ಲಿಯೇ ಗುರುತಿಸಬೇಕು. ಆದರೆ ಶಿಸ್ತಿನ ಚರಿತ್ರೆಯನ್ನೇ ವಿದ್ಯಾರ್ಥಿಯು ವಿಷಯದ ಚರಿತ್ರೆಯೆಂದು ಭಾವಿಸಿದರೆ, ರಾಜ್ಯಗಳ ನಡುವಣ ವ್ಯವಹಾರವೇ ಯುರೋಪಿನಲ್ಲಿ ತಯಾರಾಗಿ ಉಳಿದ ಜಗತ್ತಿಗೆ ಹಡಗಿನಲ್ಲಿ ಬಂದಿಳಿದ ಸರಕಿನಂತೆ ಕಾಣತೊಡಗುತ್ತದೆ.

ಈ ಕೊರತೆಯನ್ನು ತುಂಬಲು ಕೌಟಿಲ್ಯನನ್ನು ಕರೆತರುವುದುಂಟು. ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿದ್ದ ಆರ್. ಶಾಮಶಾಸ್ತ್ರಿಗಳು ಅರ್ಥಶಾಸ್ತ್ರದ ಮೂಲಪಾಠವನ್ನು 1909ರಲ್ಲಿ, ಇಂಗ್ಲಿಷ್ ಅನುವಾದವನ್ನು 1915ರಲ್ಲಿ ಪ್ರಕಟಿಸಿದರೆಂಬುದು ನಮಗೆ ಅಭಿಮಾನದ ಸಂಗತಿ. ಆ ಅಭಿಮಾನಕ್ಕೆ ತಕ್ಕ ಓದು ಮಾತ್ರ ನಡೆದಿಲ್ಲ. ವೃತ್ತದೊಳಗೊಂದು ವೃತ್ತ ಬರೆದು, ನೆರೆಯವನು ಶತ್ರು, ಅವನಾಚೆಯವನು ಮಿತ್ರ ಎಂದು ಗುರುತು ಹಾಕಿ, ಪಾಕಿಸ್ತಾನ, ಚೀನಾಗಳ ಹೆಸರು ತುಂಬಿದರೆ ಮಂಡಲ ಸಿದ್ಧಾಂತ ಮುಗಿಯಿತು! ಶತ್ರುವಿನಂತೆ ವರ್ತಿಸುವ, ಮಿತ್ರನಂತೆ ವರ್ತಿಸುವ, ಭೃತ್ಯನಂತೆ ವರ್ತಿಸುವ ಸಾಮಂತರೆಂದು ನೆರೆಯವರನ್ನೇ ಮೂರು ಬಗೆಯಾಗಿ ವಿಂಗಡಿಸುವ ಏಳನೆಯ ಅಧಿಕರಣದ ವಿವೇಚನೆ ಅಲ್ಲಿ ಕಾಣಸಿಗದು. ಸಪ್ತಾಂಗಗಳ ಪಟ್ಟಿಯನ್ನು ಬಾಯಿಪಾಠ ಮಾಡಿದ ವಿದ್ಯಾರ್ಥಿಗೆ ಅದರ ಕೊನೆಯ ಅಂಗ ‘ಮಿತ್ರ’ ಎಂಬುದು ವಿಸ್ಮಯ ತರಿಸುವುದಿಲ್ಲ. ಹೊರಗಿನ ಇನ್ನೊಬ್ಬ ಅರಸನನ್ನು ರಾಜ್ಯದ ಒಂದು ಅವಯವವೆಂದೇ ಎಣಿಸುವ ಈ ಕಲ್ಪನೆಯು, ರಾಜ್ಯವನ್ನು ತನ್ನಷ್ಟಕ್ಕೆ ಪೂರ್ಣವಾದ ಘಟಕವೆಂದು ತಿಳಿಯುವ ವೆಸ್ಟ್‌ಫೇಲಿಯಾ ಮಾದರಿಗೆ ನೇರವಾಗಿ ಎದುರು ನಿಲ್ಲುತ್ತದೆ. ಚರ್ಚೆ ಆರಂಭವಾಗಬೇಕಾದುದು ಇಲ್ಲಿ.

ಕನ್ನಡದ ವಿದ್ಯಾರ್ಥಿಗೆ ಇನ್ನೊಂದು ತೊಡಕಿದೆ. ಪರಿಭಾಷೆಯು ಅಪರಿಚಿತವಾಗಿರುವುದಕ್ಕಿಂತ ಅತಿಪರಿಚಿತವಾಗಿರುವುದೇ ಅಪಾಯ. ‘ಉದಾಸೀನ’ವೆಂದರೆ ನಮಗೆ ಅಲಕ್ಷ್ಯ, ಕೌಟಿಲ್ಯನಲ್ಲಿ ಉದಾಸೀನನು ಮಂಡಲದ ಅಂಚಿನಲ್ಲಿದ್ದೂ ಎಲ್ಲರಿಗಿಂತ ಬಲಿಷ್ಠನಾದವನು. ಅಂತೆಯೇ 1961ರ ಬೆಲ್‌ಗ್ರೇಡ್ ಸಮ್ಮೇಳನದಲ್ಲಿ ರೂಪುತಳೆದ ಅಲಿಪ್ತ ಚಳವಳಿಯನ್ನು ಉತ್ತರಪತ್ರಿಕೆಗಳು ‘ತಟಸ್ಥ ನೀತಿ’ ಎಂದುಬಿಡುತ್ತವೆ. ಯುದ್ಧದಲ್ಲಿ ಪಕ್ಷ ವಹಿಸದಿರುವುದು ಬೇರೆ, ಬಣಗಳಿಗೆ ಸೇರದೆಯೇ ಪ್ರತಿಯೊಂದು ಪ್ರಶ್ನೆಯಲ್ಲೂ ನಿಲುವು ತಳೆಯುವ ಹಕ್ಕನ್ನು ಉಳಿಸಿಕೊಳ್ಳುವುದು ಬೇರೆ. ಒಂದು ಪದದ ಜಾರುವಿಕೆಯಲ್ಲಿ ಒಂದು ನೀತಿಯ ತಿರುಳೇ ಕಳೆದುಹೋಗುತ್ತದೆ.

ಇನ್ನು ಮಂಡಲದ ಮಿತಿಯನ್ನು ತೋರಿಸಲು ನಮ್ಮ ಕರಾವಳಿಯೇ ಸಾಕು. 1783ರಲ್ಲಿ ಟಿಪ್ಪು ಸುಲ್ತಾನನು ಮಂಗಳೂರಿನ ಕೋಟೆಗೆ ಮುತ್ತಿಗೆ ಹಾಕಿದ್ದನು. ಯುರೋಪಿನಲ್ಲಿ ಇಂಗ್ಲೆಂಡ್ ಮತ್ತು ಫ್ರಾನ್ಸ್ ಸಂಧಿ ಮಾಡಿಕೊಂಡ ಸುದ್ದಿ ತಲುಪಿದೊಡನೆ ಅವನ ಜೊತೆಗಿದ್ದ ಫ್ರೆಂಚ್ ಪಡೆ ಯುದ್ಧದಿಂದ ಹಿಂದೆ ಸರಿಯಿತು. ಮುತ್ತಿಗೆ ಮುಂದುವರಿದು, ಕೊನೆಗೆ 1784ರ ಮಾರ್ಚ್‌ನಲ್ಲಿ ಮಂಗಳೂರು ಒಪ್ಪಂದವಾಯಿತು. ನೆಲದ ಗಡಿಗಳಿಂದ ನೆರೆಹೊರೆಯನ್ನು ಅಳೆಯುವ ಮಂಡಲದಲ್ಲಿ ಸಮುದ್ರದಾಚೆಯ ಇಂಥ ಮಿತ್ರನಿಗೆ, ಇಂಥ ಶತ್ರುವಿಗೆ ಸ್ಥಾನವೆಲ್ಲಿ? 1790ರಲ್ಲಿ ಪೇಶ್ವೆ ಮತ್ತು ನಿಜಾಮರು ಕಂಪನಿಯೊಡನೆ ಕೂಡಿದರು. 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಮೈಸೂರು ಅರ್ಧ ರಾಜ್ಯವನ್ನು ಕಳೆದುಕೊಂಡಿತು. ಬೆಳೆಯುತ್ತಿದ್ದ ಕಂಪನಿಗಿಂತ ನೆರೆಯ ಮೈಸೂರೇ ಅವರಿಗೆ ಹೆಚ್ಚು ಭಯಾನಕವಾಗಿ ಕಂಡಿದ್ದೇಕೆ? ಕೌಟಿಲ್ಯನ ಬಳಿ ಇದಕ್ಕೆ ಒಂದು ಉತ್ತರವಿದೆ, ಬಲ ಸಮತೋಲನದ ಸಿದ್ಧಾಂತಿಗಳ ಬಳಿ ಇನ್ನೊಂದಿದೆ. ಎರಡೂ ಪೂರ್ತಿ ಒಪ್ಪುವಂತಿಲ್ಲ. ಮೊದಲ ವಾರದ ತರಗತಿಯಲ್ಲಿ ವೃತ್ತಗಳ ನಕ್ಷೆಯ ಬದಲು ಈ ಪ್ರಶ್ನೆಯನ್ನಿಡಬಹುದು. ವೆಸ್ಟ್‌ಫೇಲಿಯಾ ಎರಡನೆಯ ವಾರಕ್ಕೆ ಬಂದರೂ ನಷ್ಟವಿಲ್ಲ.