ಎರಡು ಮೈಲು ಉದ್ದದ ಚಿತ್ರ

ಚಲಚ್ಚಿತ್ರವನ್ನು ವಿಮರ್ಶಿಸುವವರು ಅದರ ಜಾಹೀರಾತನ್ನು ವಿಮರ್ಶಿಸುವುದಿಲ್ಲ. ಗೋಡೆಯ ಮೇಲಣ ಕಾಗದಕ್ಕೂ ಪರದೆಯ ಮೇಲಣ ಕಲೆಗೂ ಏನು ಸಂಬಂಧ ಎಂಬುದು ಅವರ ಭಾವನೆ. ಆದರೆ ನಮ್ಮ ವಿದ್ಯಾರ್ಥಿಗಳು ಚಿತ್ರಕ್ಕಿಂತ ಮೊದಲು ಓದುವುದು ಆ ಕಾಗದವನ್ನೇ. ಹಲವರು ಓದುವುದು ಅದನ್ನು ಮಾತ್ರವೇ. ಆದುದರಿಂದ ಅದನ್ನೂ ಒಂದು ಪಾಠವೆಂದೆಣಿಸಿ, ಆ ಜಾತಿಯ ಬರಹಗಳಲ್ಲಿ ಬಹು ಹಳೆಯದಾದ ಒಂದನ್ನು ಇಲ್ಲಿ ಪರೀಕ್ಷಿಸುತ್ತೇವೆ.

ದಾದಾಸಾಹೇಬ ಫಾಳ್ಕೆಯವರ ‘ರಾಜಾ ಹರಿಶ್ಚಂದ್ರ’ 1913ರ ಮೇ 3ರಂದು ಮುಂಬಯಿಯ ಕಾರೊನೇಷನ್ ಚಿತ್ರಮಂದಿರದಲ್ಲಿ ಸಾರ್ವಜನಿಕರ ಮುಂದೆ ಬಂದಿತು. ಅಲ್ಲಿಯೂ ಚಿತ್ರವೊಂದನ್ನೇ ನಂಬಲು ಧೈರ್ಯ ಸಾಲಲಿಲ್ಲವೆಂದು ತೋರುತ್ತದೆ. ಜೊತೆಗೆ ನರ್ತನ, ಹಾಸ್ಯ, ಕಾಲ್ಚಳಕದ ಚಮತ್ಕಾರ ಇವೂ ಇದ್ದವು. ಬಳಿಕ ಸೂರತ್ತಿನಲ್ಲಿ ಮೊದಲ ದಿನದ ಹುಟ್ಟುವಳಿ ಕೇವಲ 3 ರೂಪಾಯಿ ಎಂದು ಚರಿತ್ರಕಾರರು ಹೇಳುತ್ತಾರೆ. ಎರಡಾಣೆಗೆ ಆರು ಗಂಟೆಯ ನಾಟಕ ನೋಡುವ ಊರಿನಲ್ಲಿ ಮೂರಾಣೆಯ ಗಿಡ್ಡ ಆಟ ಯಾರಿಗೆ ಬೇಕು? ಉದ್ದ ಮಾಡಿರಿ, ಇಲ್ಲವೆ ದರ ಇಳಿಸಿರಿ ಎಂಬ ಸಲಹೆ ಬಂದಿತು. ಫಾಳ್ಕೆಯವರು ಎರಡನ್ನೂ ಮಾಡದೆ ಜಾಹೀರಾತನ್ನೇ ತಿದ್ದಿದರು: 57,000 ಛಾಯಾಚಿತ್ರಗಳ ಪ್ರದರ್ಶನ, ಎರಡು ಮೈಲು ಉದ್ದದ ಚಿತ್ರ, ಎಲ್ಲಕ್ಕೂ ಸೇರಿ ಮೂರೇ ಆಣೆ. ಜನ ನೆರೆದರು.

ಉಪಾಧ್ಯಾಯ ವೃತ್ತಿಯ ದೋಷವೆನ್ನಿ, ಅಂಕಿ ಕಂಡೊಡನೆ ನಮ್ಮ ಕೈ ಸೀಮೆಸುಣ್ಣದತ್ತ ಹೋಗುತ್ತದೆ. ಚಿತ್ರದ ಉದ್ದ ಸುಮಾರು 3,700 ಅಡಿ. ಫಿಲ್ಮಿನ ಒಂದಡಿಗೆ 16 ಚಿತ್ರಗಳು. ಗುಣಿಸಿದರೆ 59,200. ಅಂದಮೇಲೆ ಫಾಳ್ಕೆಯವರು ಹೇಳಿದ ಮೊದಲನೆಯ ಸಂಖ್ಯೆ ನಿಜಕ್ಕೆ ಬಹು ಸಮೀಪ, ತುಸು ಕಡಮೆಯೇ. ಎರಡು ಮೈಲೆಂದರೆ 10,560 ಅಡಿ! ಒಂದೇ ಉಸಿರಿನಲ್ಲಿ ನಿಜವನ್ನೂ ಅದರ ಮೂರು ಪಾಲಿನಷ್ಟು ಹಿಗ್ಗಿಸಿದ ಸುಳ್ಳನ್ನೂ ಆಡಿದ್ದಾರೆ; ಅದೂ ಸತ್ಯಹರಿಶ್ಚಂದ್ರನ ಹೆಸರಿನಲ್ಲಿ.

ಆದರೂ ಈ ಜಾಹೀರಾತನ್ನು ನಾವು ಪೂರ್ತಿ ತಳ್ಳಿಹಾಕಲಾರೆವು. ಚಲಿಸುವ ಚಿತ್ರವೆಂಬುದು ನಿಶ್ಚಲ ಚಿತ್ರಗಳ ಸಾಲು ಎಂಬ ಗುಟ್ಟನ್ನು ಅದು ಮೂರಾಣೆಯ ಪ್ರೇಕ್ಷಕನಿಗೂ ತಿಳಿಸಿತು. ಮೈಲಿನ ಮಾತು ಹಾಗಲ್ಲ. ನಾಟಕವನ್ನು ಗಂಟೆಯಿಂದ ಅಳೆಯುವವನಿಗೆ ಬೇರೆ ಅಳತೆಗೋಲು ಕೊಟ್ಟು ಬೆರಗುಗೊಳಿಸುವ ಉಪಾಯವಷ್ಟೆ.

ಈಗಿನ ಪ್ರಚಾರದಲ್ಲಿ ಆ ಮೊದಲರ್ಧವೂ ಉಳಿದಿಲ್ಲವೆಂಬುದೇ ನಮ್ಮ ಕೊರಗು. ಕೆಲವು ವರ್ಷಗಳ ಹಿಂದೆ ಚಿತ್ರವೊಂದರ ನಟರು ನಮ್ಮ ಗಡಿಯೂರಿಗೆ ದಯಮಾಡಿಸಿದರು. ಕನ್ನಡದ ಕಲಾವಿದರು ಇತ್ತ ಬರುವುದೇ ಅಪರೂಪವಾದುದರಿಂದ ನಾವೂ ಹಿಗ್ಗಿ, ಮಕ್ಕಳನ್ನು ಎರಡು ತಾಸು ಬಿಸಿಲಿನಲ್ಲಿ ಸಾಲಾಗಿ ನಿಲ್ಲಿಸಿದೆವು. ತಪ್ಪು ನಮ್ಮದೂ ಹೌದು. ವಾಹನ ಬಂದಿತು, ಕೈ ಬೀಸಿದರು, ಹೋಯಿತು. ಮರುದಿನ ಪ್ರಬಂಧ ಬರೆಯಿಸಿದಾಗ ವಾಹನದ ಬಣ್ಣವನ್ನು ಎಲ್ಲರೂ ಬರೆದಿದ್ದರು. ಚಿತ್ರದ ಕಥೆಯೇನೆಂದು ಒಬ್ಬರೂ ಬರೆದಿರಲಿಲ್ಲ; ಅದನ್ನು ಅವರಿಗೆ ಹೇಳಿದವರಾರು? ನಾಲ್ಕನೆಯ ತರಗತಿಯ ಹುಡುಗಿಯೊಬ್ಬಳು ಮಾತ್ರ, ಆ ನಟರು ಕನ್ನಡ ಮಾತಾಡುವರೋ ಇಲ್ಲವೋ ಗಾಜು ಏರಿಸಿದ್ದುದರಿಂದ ತಿಳಿಯಲಿಲ್ಲ ಎಂದು ಬರೆದಿದ್ದಳು. ಆ ವಾಕ್ಯಕ್ಕೆ ನಾವು ಪೂರ್ತಿ ಅಂಕ ಕೊಟ್ಟೆವು.